ಗೋಡೆ ಮೇಲೆ ಕೂತಿದ್ದ ಚಿಟ್ಟೆ: ಶಿಡ್ಲಘಟ್ಟದ ಕಡೆಯ ಒಂದು ಪಿಎಚ್‌ಡಿ ಕೇಸು

ಪ್ರತಿ ವರ್ಷ ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ್ಮೇಲೆ ಒಬ್ಬರೋ ಇಬ್ಬರೋ ಬಂದು ಕೇಳೇ ಕೇಳ್ತಾರೆ, ಸಾರ್ ಝೂಆಲಜಿ ತಗೊಂಡ್ರೆ ಮುಂದೆ ಏನು ಅಂತ. ಈ ಸಲ ಒಬ್ಬ ಹುಡುಗ ಅವರಪ್ಪನ್ನೂ ಕರ್ಕೊಂಡು ಬಂದಿದ್ದ, ಚಿಟ್ಟೆಗಳ ಮೇಲೆ ರಿಸರ್ಚ್ ಮಾಡ್ಬೇಕಂತೆ. ಅಪ್ಪ ಟೊಮೇಟೊ ಬೆಳೆಯೋರು, ಪಾಪ ಮಗನ್ನ ಬೈಯೋಕೂ ಆಗ್ದೆ ಹೂಂ ಅನ್ನೋಕೂ ಆಗ್ದೆ "ಮೇಷ್ಟ್ರೇ, ಅದಕ್ಕೂ ಸಂಬಳ ಕೊಡ್ತಾರಾ?" ಅಂತ ನನ್ನೇ ಕೇಳಿದ್ರು. ನಾನು ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳ್ಕೊಡೋನು, ಈ ಪ್ರಶ್ನೆಗೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ಬರಲ್ಲ, ಯಾಕಂದ್ರೆ ನಮ್ಮನೇಲೇ ಒಂದು ಕೇಸ್ ಇದೆ. ನಮ್ಮ ದೊಡ್ಡಪ್ಪನ ಮಗಳು. ಹೆಸರು ಬೇಡ, ಅಕ್ಕ ಅಂತಾನೇ ಬರೀತೀನಿ. ಇದನ್ನ ಬರೆದು ಅವಳ ಕೈಲಿ ಓದಿಸಿದೀನಿ, ಎರಡು ಕಡೆ ತಿದ್ದಿದಾಳೆ, ಒಂದು ಕಡೆ "ಇಷ್ಟು ಒಳ್ಳೇದಾಗಿ ಬರೀಬೇಡ" ಅಂತ ಬೈದಿದಾಳೆ.

2020ರ ಆಗಸ್ಟ್‌ನಲ್ಲಿ ಅವಳ ಸ್ಥಿತಿ ಹೀಗಿತ್ತು. ವಯಸ್ಸು 30. ಪಿಎಚ್‌ಡಿಗೆ ಸೇರಿ ಐದು ವರ್ಷ ತುಂಬಿತ್ತು, ಫೆಲೋಶಿಪ್ ಆ ತಿಂಗಳಿಗೆ ಖತಂ. ಥೀಸಿಸ್‌ಗೆ ನಾಲ್ಕು ಚಾಪ್ಟರ್ ಅಂತ ಬರೆದುಕೊಟ್ಟಿದ್ಲು, ಕೈಯಲ್ಲಿದ್ದದ್ದು ಎಳೆದೂ ಎಳೆದೂ ಒಂದೂವರೆ. ಲಾಕ್‌ಡೌನ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದ್ರು, ಮಾರ್ಚ್‌ನಲ್ಲೇ ಎರಡು ಸೂಟ್‌ಕೇಸು ಒಂದು ಚಿಟ್ಟೆ ಬಲೆ ಹಿಡ್ಕೊಂಡು ಶಿಡ್ಲಘಟ್ಟ ತಾಲೂಕಿನ ನಮ್ಮೂರಿಗೆ ಬಂದಿದ್ಲು. ಮನೆ ಒಳಗೆ ನೆಟ್‌ವರ್ಕ್ ಸಿಗಲ್ಲ, ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಪಕ್ಕ ಚಾಪೆ ಹಾಕ್ಕೊಂಡು ಗೈಡ್ ಜೊತೆ ಮಾತಾಡೋಳು. ಇತ್ತ ರೇಷ್ಮೆ ಗೂಡಿನ ರೇಟು ಬಿದ್ದೋಗಿ ದೊಡ್ಡಪ್ಪನ ತಲೆ ಬಿಸಿ, ದೊಡ್ಡಮ್ಮ ಮೂರು ಗಂಡು ನೋಡಿಟ್ಟಿದ್ರು, ಅದ್ರಲ್ಲಿ ಒಬ್ರಿಗೆ ಸರ್ಕಾರಿ ಕೆಲಸ, ಅದೂ ರೇಷ್ಮೆ ಇಲಾಖೆ. ಊರೋರಿಗೆ ಎಲ್ಲಾ ಸರಿಯಾಗಿ ಕೂಡಿಬಂದಿತ್ತು, ಅಕ್ಕನಿಗೆ ಬಿಟ್ಟು.

ಇಲ್ಲಿಗೆ ಹೇಗೆ ಬಂದ್ಲು ಅನ್ನೋದನ್ನ ಹೇಳ್ಬೇಕು. ನಮ್ಮ ಕಡೆ ಮನೆ ಅಂದ್ರೆ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೆ ಜಾಸ್ತಿ ಜಾಗ. ಹಿಪ್ಪುನೇರಳೆ ತೋಟ, ಹುಳುಮನೆ, ತಟ್ಟೆ, ಹುಳ ಗೂಡು ಕಟ್ಟೋಕೆ ಇಡೋ ಚಂದ್ರಿಕೆ, ತಿಂಗಳಿಗೊಂದು ಬೆಳೆ. ಹುಳ ಪೊರೆ ಬಿಡೋ ಹೊತ್ತಿಗೆ ಸೊಪ್ಪು ತಿನ್ನದೆ ತಲೆ ಎತ್ಕೊಂಡು ಮಲಗ್ತವೆ, ಅದಕ್ಕೆ ನಾವು ಜ್ವರ ಅಂತೀವಿ, ಒಂದನೇ ಜ್ವರ ಎರಡನೇ ಜ್ವರ ಅಂತ ನಾಲ್ಕು ಜ್ವರ ಎದ್ದು ಆಮೇಲೆ ಹಣ್ಣಾಗಿ, ಅಂದ್ರೆ ತಿನ್ನೋದು ಬಿಟ್ಟು ನೂಲು ಬಿಡೋಕೆ ತಯಾರಾಗಿ, ಗೂಡು ಕಟ್ತವೆ. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗತ್ತೆ, ಅಲ್ಲಿಂದ ನೂಲು ತೆಗೆಯೋ ಬಿಚ್ಚಾಣಿಕೆಯೋರ ಬಿಸಿನೀರಿಗೆ. ಅಂದ್ರೆ ಇಷ್ಟು ಹುಳ ಸಾಕೋ ಊರಲ್ಲಿ ಅದು ಚಿಟ್ಟೆಯಾಗಿ ಹೊರಗೆ ಬರೋದನ್ನ ಯಾರೂ ನೋಡಿರಲ್ಲ! ಅಕ್ಕ ನಾಲ್ಕನೇ ಕ್ಲಾಸಲ್ಲಿ ಎರಡು ಗೂಡು ಕದ್ದು ಜಾಮಿಟ್ರಿ ಬಾಕ್ಸಲ್ಲಿ ಇಟ್ಕೊಂಡಿದ್ಲಂತೆ, ಹತ್ತು ಹನ್ನೆರಡು ದಿನಕ್ಕೆ ಒಂದು ಬಿಳಿ ಚಿಟ್ಟೆ ಬಂತು, ರೆಕ್ಕೆ ಬಡೀತು ಬಡೀತು, ಹಾರಲೇ ಇಲ್ಲ. ರೇಷ್ಮೆ ಚಿಟ್ಟೆಗೆ ಹಾರೋಕೆ ಬರಲ್ಲ, ಸಾವಿರಾರು ವರ್ಷ ಮನುಷ್ಯ ಸಾಕಿ ಸಾಕಿ ಹಾರೋದು ಮರೆತಿದೆ. ಅವಳಿಗೆ ಅದು ಅನ್ಯಾಯ ಅನ್ನಿಸ್ತಂತೆ, ಹಾರೋ ಚಿಟ್ಟೆ ಹಿಂದೆ ಓಡೋಕೆ ಶುರು ಮಾಡಿದ್ಲು. ನಮ್ಮ ಮನೇಲಿ ಅರ್ಧ ತೆಲುಗು, ಅಜ್ಜಿ ಅವಳನ್ನ ಕೊನೇ ತನಕ ಸೀತಾಕೋಕ ಚಿಲುಕ, ಅಂದ್ರೆ ಚಿಟ್ಟೆ, ಅಂತಾನೇ ಕರೀತಿದ್ರು.

ಬಿಎಸ್ಸಿ ಚಿಕ್ಕಬಳ್ಳಾಪುರದಲ್ಲಿ, ಎಂಎಸ್ಸಿ ಬೆಂಗಳೂರು ಯೂನಿವರ್ಸಿಟಿಯ ಜ್ಞಾನಭಾರತಿಯಲ್ಲಿ, ನೆಟ್ ಪರೀಕ್ಷೆ ಮೂರನೇ ಸಲಕ್ಕೆ, ರಿಸರ್ಚ್ ಫೆಲೋಶಿಪ್ ಕೊಡೋ ಜೆಆರ್‌ಎಫ್ ಸಮೇತ ಪಾಸು. 2015ರಲ್ಲಿ ಸೇರಿದ್ಲು.

ಟಾಪಿಕ್ ಆಯ್ಕೆ ಮಾಡಿದ್ದು ಚಿಟ್ಟೆಗಳ ವಲಸೆ. ಇದು ನಿಜವಾಗ್ಲೂ ದೊಡ್ಡ ವಿಷಯ, ನಮ್ಮ ಜನಕ್ಕೆ ಗೊತ್ತಿಲ್ಲ ಅಷ್ಟೇ. ನೀಲಿ ಪಟ್ಟೆಯ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಂದು ಬಣ್ಣದ ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ ಅಂತ ನಾಲ್ಕು ಜಾತಿ ಮುಖ್ಯವಾಗಿ, ಮುಂಗಾರು ಹಿಡಿಯೋಕೆ ಮುಂಚೆ ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿನ ಕಡೆ ಹೊರಡ್ತವೆ, ಮಳೆಗಾಲ ಕಳೆದ್ಮೇಲೆ ಅಕ್ಟೋಬರ್ ನವೆಂಬರ್ ಹೊತ್ತಿಗೆ ವಾಪಸ್ ಘಟ್ಟಕ್ಕೆ. ಘಟ್ಟದ ಜಡಿ ಮಳೇಲಿ ಬದುಕೋದು ಕಷ್ಟ, ಅದಕ್ಕೇ ಹೀಗೆ ಅಂತ ತಿಳಿದೋರು ಹೇಳ್ತಾರೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿರೋ ಕೃಷ್ಣಮೇಘ ಕುಂಟೆ ಅನ್ನೋ ಚಿಟ್ಟೆ ವಿಜ್ಞಾನಿ 2005ರಲ್ಲೇ ಈ ಗುಂಪುಗಳಲ್ಲಿ ಯಾವ ಜಾತಿ ಎಷ್ಟು, ಗಂಡೆಷ್ಟು ಹೆಣ್ಣೆಷ್ಟು, ಯಾವ ದಿಕ್ಕು ಅಂತ ಬರೆದಿದ್ರು. ಅಕ್ಕ ಅದನ್ನ ಓದಿ, ಘಟ್ಟದ ಅಂಚಲ್ಲಿ ಕೊಡಗಿನ ಕಡೆ ಒಂದು ಜಾಗ ಹಿಡಿದು ನಾಲ್ಕು ವರ್ಷ ಎಣಿಸ್ತೀನಿ ಅಂತ ಹೊರಟ್ಲು.

ಎಣಿಸೋ ಪದ್ಧತಿ ಇಂಗ್ಲೆಂಡಿಂದು. ಪೊಲಾರ್ಡ್ ಅನ್ನೋರು ರೂಪಿಸಿದ್ದು, ಒಂದೇ ದಾರೀಲಿ ಒಂದೇ ವೇಗದಲ್ಲಿ ನಡೀತಾ ಎಡಕ್ಕೆ ಎರಡೂವರೆ ಮೀಟರ್ ಬಲಕ್ಕೆ ಎರಡೂವರೆ ಮೀಟರ್ ಒಳಗೆ ಕಂಡದ್ದನ್ನ ಮಾತ್ರ ಬರ್ಕೊಳ್ಳೋದು, 1976ರಿಂದ ಅಲ್ಲಿ ಅದೇ ಲೆಕ್ಕ ನಡೀತಿದೆ. ಆದ್ರೆ ಅಲ್ಲಿ ಇರೋದು ಅರವತ್ತರ ಆಸುಪಾಸು ಜಾತಿ, ಇಂಡಿಯಾದಲ್ಲಿ 1300ಕ್ಕೂ ಜಾಸ್ತಿ. ಅಲ್ಲಿ ಬೇಸಿಗೆ ಒಂದೇ ಸೀಸನ್, ಇಲ್ಲಿ ಎಲ್ಲಾ ಮಳೆ ಮೇಲೆ. ಉಷ್ಣವಲಯದಲ್ಲಿ ಚಿಟ್ಟೆ ಸ್ಟಡಿ ಮಾಡೋರ ತಾಪತ್ರಯ ಅರ್ಧ ಇಲ್ಲೇ ಇದೆ, ಚಿಟ್ಟೆ ಬೇಕಾದಷ್ಟಿದೆ, ಆದ್ರೆ ಅವು ನಿಮ್ಮ ಕ್ಯಾಲೆಂಡರ್ ನೋಡಲ್ಲ.

ಮೊದಲ್ನೇ ವರ್ಷ ಅರಣ್ಯ ಇಲಾಖೆ ಪರ್ಮಿಷನ್ ಕಾಗದ ಕೈಗೆ ಬರೋ ಹೊತ್ತಿಗೆ ಚಿಟ್ಟೆಗಳು ಹೋಗಾಗಿತ್ತು. ಎರಡನೇ ವರ್ಷ ಸುಮಾರಾಗಿ ನಡೀತು. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದು ಎಲ್ರಿಗೂ ನೆನಪಿದೆ, ಅವಳು ನಡೀತಿದ್ದ ದಾರಿ ಅರ್ಧ ಇಲ್ಲ, ವಾಪಸ್ ವಲಸೆ ಎಣಿಸೋಕೆ ಹೋದ್ರೆ ಜನ ಮನೆ ಹುಡುಕ್ತಿದ್ರು, "ಅಲ್ಲಿ ನಿಂತ್ಕೊಂಡು ಚಿಟ್ಟೆ ಎಣಿಸೋಕೆ ನಂಗೆ ನಾಚಿಕೆ ಆಯ್ತು ಕಣೋ" ಅಂದಿದ್ಲು. 2019ರಲ್ಲಿ ಮತ್ತೆ ನೆರೆ. 2020ರ ಏಪ್ರಿಲ್‌ನಲ್ಲಿ ಕೊನೇ ಸಲ ಅಂತ ಟಿಕೆಟ್ ಮಾಡಿಸಿದ್ಲು, ಬಸ್ಸೇ ಇಲ್ಲ.

ಈಗ ದುಡ್ಡಿನ ವಿಷಯ, ಟೊಮೇಟೊ ಬೆಳೆಯೋ ಯಜಮಾನರು ಕೇಳಿದ್ದು ಅದನ್ನೇ. ಸೇರಿದಾಗ ಜೆಆರ್‌ಎಫ್ ತಿಂಗಳಿಗೆ 25 ಸಾವಿರ, ಎರಡು ವರ್ಷ ಆದ್ಮೇಲೆ ಮುಂದಿನ ಹಂತದ ಎಸ್‌ಆರ್‌ಎಫ್ 28, 2019ರಲ್ಲಿ ರೇಟ್ ಏರಿಸಿದ್ರು, 35 ಆಯ್ತು. 2023ರಿಂದ ಹೊಸಬರಿಗೆ 37, ಆಮೇಲೆ 42. ಓದ್ಕೊಂಡು ಸಿಗೋ ದುಡ್ಡು ಅಂದ್ರೆ ಕಮ್ಮಿ ಏನಲ್ಲ, ಆದ್ರೆ ತಿಂಗಳು ತಿಂಗಳು ಬರಲ್ಲ, ಬಿಲ್ ಎಲ್ಲೋ ನಿಂತು ಐದಾರು ತಿಂಗಳದ್ದು ಒಟ್ಟಿಗೆ ಬರೋದು, ಅಲ್ಲಿ ತನಕ ಬಾಡಿಗೆ ಜೀಪಿನವನಿಗೆ ಸಾಲ ಹೇಳ್ಬೇಕು. ಐದು ವರ್ಷ ಆಯ್ತೋ, ಆ ದಿನಕ್ಕೆ ಸೊನ್ನೆ. ಇನ್ನು ಪಿಎಚ್‌ಡಿ ಮುಗಿದ್ರೆ ಕೆಲಸ ಕಾದಿರತ್ತೆ ಅನ್ನೋ ಭ್ರಮೆ ಬೇಡ. ಹೆನ್ರಿ ಬೇಟ್ಸ್ ಅಂತ ಇಂಗ್ಲೆಂಡಿನೋನು, ಕಾಲುಚೀಲ ನೇಯಿಸೋ ವ್ಯಾಪಾರದ ಮನೆಯ ಹುಡುಗ, 1848ರಲ್ಲಿ ಅಮೆಜಾನ್‌ಗೆ ಹೋಗಿ ಹನ್ನೊಂದು ವರ್ಷ ಇದ್ದ, ಕೀಟ ಹಿಡಿದು ಲಂಡನ್‌ಗೆ ಕಳಿಸಿ ಮಾರಿದ ದುಡ್ಡಲ್ಲೇ ಬದುಕಿದ್ದ. ತಿನ್ನೋಕಾಗೋ ಚಿಟ್ಟೆ ತಿನ್ನೋಕಾಗದ ಚಿಟ್ಟೆಯ ವೇಷ ಹಾಕತ್ತೆ ಅಂತ 1862ರಲ್ಲಿ ತೋರಿಸಿದ್ದು ಅವನೇ, ನಮ್ಮ ಕರಿಬೇವಿನ ಗಿಡದ ಕಾಮನ್ ಮಾರ್ಮನ್ ಹೆಣ್ಣು ಮಾಡೋದೂ ಅದನ್ನೇ, ವಿಷದ ರೋಸ್ ಚಿಟ್ಟೆ ತರ ಕಾಣೋ ಹಾಗೆ ಬರತ್ತೆ. ಅಂಥವನಿಗೂ ಕೊನೆಗೆ ಸಂಬಳದ ಕೆಲಸ ಸಿಕ್ಕಿದ್ದು ಭೂಗೋಳದವರ ಸೊಸೈಟಿ ಆಫೀಸಲ್ಲಿ ಅಸಿಸ್ಟೆಂಟ್ ಸೆಕ್ರೆಟರಿ ಅಂತ. ಇದನ್ನ ಅಕ್ಕನಿಗೆ ಹೇಳಿದ್ರೆ ನಗ್ತಾಳೆ, ಸಮಾಧಾನ ಏನೂ ಆಗಲ್ಲ.

ಎಲ್ರೂ ಅಂದ್ಕೊಂಡಿದ್ದು ಅವಳ ಸಮಸ್ಯೆ ಟೈಮು ಅಂತ. ಅದು ತಪ್ಪು. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2016ರ ನಿಯಮದಲ್ಲಿ ಪಿಎಚ್‌ಡಿಗೆ ಆರು ವರ್ಷ, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಸಡಿಲ, ಅಂದ್ರೆ 2023ರ ತನಕ ಅವಕಾಶ ಇತ್ತು. ಐದು ವರ್ಷಕ್ಕೆ ನಿಲ್ಲೋದು ಫೆಲೋಶಿಪ್ ಮಾತ್ರ, ರಿಜಿಸ್ಟ್ರೇಷನ್ ಅಲ್ಲ. ಇವೆರಡನ್ನೂ ಒಂದೇ ಅಂದ್ಕೊಂಡು ಆರು ತಿಂಗಳು ನಿದ್ದೆ ಬಿಟ್ಟಿದ್ಲು, ನಿಯಮ ತೆಗೆದು ಓದಿದ್ದೇ ಆಗಸ್ಟಲ್ಲಿ. ಗೈಡು ಬೈದಿದ್ದು, ಥೀಸಿಸ್ ಕೆಲಸ ಪರಿಶೀಲಿಸೋ ಕಮಿಟಿಯೋರು "ಡೇಟಾ ಸಾಲಲ್ಲಮ್ಮ" ಅಂದಿದ್ದು ಎಲ್ಲಾ ನಿಜ, ಆದ್ರೆ ನನಗೆ ಕಾಣೋದು ಬೇರೆ. ಅವಳ ಇಡೀ ಥೀಸಿಸ್ಸು 300 ಕಿಲೋಮೀಟರ್ ದೂರದ ಒಂದು ಜಾಗ, ವರ್ಷಕ್ಕೆ ಎರಡು ಸಲ ಮೂರ್ನಾಲ್ಕು ವಾರ ಸಿಗೋ ಒಂದು ಘಟನೆ, ಇದರ ಮೇಲೆ ನಿಂತಿತ್ತು. ಒಂದು ಸೀಸನ್ ಹೋದ್ರೆ ವರ್ಷವೇ ಹೋಯ್ತು. ತಿಂಗಳಿಗೊಂದು ಬೆಳೆ ತೆಗೆಯೋ ಮನೇಲಿ ಹುಟ್ಟಿದೋಳು ವರ್ಷಕ್ಕೊಂದು ಬೆಳೆಯ ಜೂಜಿಗೆ ಹೋಗಿದ್ಲು, ಅಷ್ಟೇ. ಗೈಡ್ ಇದನ್ನ ಮೊದಲ್ನೇ ವರ್ಷವೇ ಹೇಳ್ಬೇಕಿತ್ತು ಅನ್ನೋದು ನನ್ನ ವಾದ, ಅಕ್ಕ ಒಪ್ಪಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ, ದೀಪ ಹಾಕೋ ಹೊತ್ತು, ಜಿನುಗು ಮಳೆ. ಪಡಸಾಲೆ ಗೋಡೆ ಮೇಲೆ ಒಣಗಿದ ಎಲೆ ತರ ಒಂದು ಚಿಟ್ಟೆ ಕೂತಿತ್ತು. ಇದನ್ನ ನೀವೂ ನೋಡಿರ್ತೀರ, ಕತ್ತಲಾಗೋ ಹೊತ್ತಿಗೆ ಲೈಟಿಗೆ ಮನೆಯೊಳಗೆ ಬಂದು ಗೋಡೆಗೋ ಕರ್ಟನ್‌ಗೋ ಅಂಟ್ಕೊಂಡು ಕೂರೋ ಕಂದು ಚಿಟ್ಟೆ, ಕಾಮನ್ ಈವ್ನಿಂಗ್ ಬ್ರೌನ್ ಅಂತಾರೆ, ಶಾಸ್ತ್ರೀಯವಾಗಿ ಮೆಲಾನಿಟಿಸ್ ಲೀಡಾ. ದೊಡ್ಡಮ್ಮ ಪೊರಕೆ ತಗೊಂಡು ಓಡಿಸೋಕೆ ಹೋದ್ರು, ಅಕ್ಕ ಕೈ ಹಿಡಿದ್ಲು. ಹತ್ರ ಹೋಗಿ ಟಾರ್ಚ್ ಬಿಟ್ಟು ನೋಡಿದ್ಲು, ರೆಕ್ಕೆ ಕೆಳಗಡೆ ಅಂಚಲ್ಲಿ ಸಾಲಾಗಿ ಕಣ್ಣಿನ ಗುರುತು, ಕಪ್ಪು ಬೊಟ್ಟು ಸುತ್ತ ಹಳದಿ ಉಂಗುರ ಮಧ್ಯ ಬಿಳಿ ಚುಕ್ಕಿ, ಎಣಿಸೋ ಹಾಗೆ ಸ್ಪಷ್ಟ. ಇದೇ ಚಿಟ್ಟೆ ಜನವರಿಯಲ್ಲಿ ಬಂದ್ರೆ ಆ ಕಣ್ಣು ಇರಲ್ಲ, ಗುಂಡುಸೂಜಿ ಮೊನೆಯಷ್ಟು ಚುಕ್ಕಿ ಇದ್ರೆ ಇತ್ತು, ಮಿಕ್ಕಿದ್ದೆಲ್ಲಾ ತರಗೆಲೆ ಬಣ್ಣ. ಮಳೆಗಾಲದ ವೇಷ ಬೇರೆ, ಒಣಗಾಲದ ವೇಷ ಬೇರೆ, ಒಂದೇ ಜಾತಿ. ಮಳೆಗಾಲದಲ್ಲಿ ಓತಿಕ್ಯಾತ, ಮಿಡತೆ ಹಿಡಿಯೋ ಸೂರ್ಯನ ಕುದುರೆ ಹುಳ, ಇವೆಲ್ಲಾ ಜಾಸ್ತಿ, ಕಣ್ಣಿನ ಗುರುತಿಗೆ ಬಾಯಿ ಹಾಕಿದ್ರೆ ರೆಕ್ಕೆ ಅಂಚು ಹರಿಯತ್ತೆ, ಜೀವ ಉಳಿಯತ್ತೆ. ಒಣಗಾಲದಲ್ಲಿ ತರಗೆಲೆ ಮಧ್ಯ ಅಲ್ಲಾಡದೆ ಬಿದ್ದಿದ್ರೆ ಸಾಕು, ಕಣ್ಣು ಇದ್ರೆ ಅದೇ ಚಾಡಿ ಹೇಳತ್ತೆ.

ಪಾಲ್ ಬ್ರೇಕ್‌ಫೀಲ್ಡ್ ಅನ್ನೋರು 1987ರಲ್ಲೇ ಇದೇ ಚಿಟ್ಟೆಯ ಎರಡು ವೇಷದ ಬಗ್ಗೆ ಬರೆದಿದ್ದಾರೆ, ಆಮೇಲೆ ಆಫ್ರಿಕಾದ ಮಲಾವಿಯಿಂದ ತಂದ ಬೈಸಿಕ್ಲಸ್ ಅನ್ನೋ ಇದರ ಸಂಬಂಧಿಯನ್ನ ಲ್ಯಾಬಲ್ಲಿ ಸಾಕಿ ತೋರಿಸಿದ್ದಾರೆ, ಹುಳ ಆಗಿರೋವಾಗಿನ ಬಿಸಿಲು ತಂಪು ಇದೆಯಲ್ಲ, ಅದೇ ವೇಷ ತೀರ್ಮಾನ ಮಾಡೋದು, ಬೆಚ್ಚಗಿದ್ರೆ ದೊಡ್ಡ ಕಣ್ಣು, ತಣ್ಣಗಿದ್ರೆ ಚಿಕ್ಕ ಕಣ್ಣು. ಮಲಾವಿಯಲ್ಲಿ ಒಣಗಾಲ ಶುರುವಾಗೋದು ತಂಪಿನ ಜೊತೆ, ಹಾಗಾಗಿ ತಂಪು ಅಂದ್ರೆ ಹುಳಕ್ಕೆ "ಮುಂದೆ ಹಸಿರಿಲ್ಲ" ಅನ್ನೋ ಸೂಚನೆ. ಸರಿ. ಆದ್ರೆ ನಮ್ಮೂರಲ್ಲಿ? ಡಿಸೆಂಬರ್ ಜನವರಿ ತಂಪೂ ಹೌದು ಒಣಗಾಲವೂ ಹೌದು, ಲೆಕ್ಕ ಕೂಡತ್ತೆ. ಮಾರ್ಚ್ ಏಪ್ರಿಲ್ ಬೆಂಕಿ ಬಿಸಿಲು, ಹುಲ್ಲು ಕರಕಲು, ಆಗ ಬಿಸಿಲು ನಂಬ್ಕೊಂಡು ಹುಳ ಮಳೆಗಾಲದ ವೇಷ ಹಾಕಿದ್ರೆ ತರಗೆಲೆ ಮೇಲೆ ಕಣ್ಣು ಬಿಟ್ಕೊಂಡು ಕೂರ್ಬೇಕು. ಅದರ ಮೇಲೆ ಹಿಪ್ಪುನೇರಳೆ ತೋಟದ ಬದುಗಳಲ್ಲಿ ಡ್ರಿಪ್ ನೀರಿಗೆ ಬೇಸಿಗೇಲೂ ಹುಲ್ಲು ಹಸಿರು, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ತುಂಬಿಸೋ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಂದ ಕೆರೆಗಳ ಅಂಚಲ್ಲೂ ಹಾಗೇ. ಹಾಗಾದ್ರೆ ಏಪ್ರಿಲ್‌ನಲ್ಲಿ ನಮ್ಮ ತೋಟದ ಚಿಟ್ಟೆ ಯಾವ ವೇಷದಲ್ಲಿ ಬರತ್ತೆ, ಅದು ಸರಿಯೋ ತಪ್ಪೋ? ಅಕ್ಕ ಈ ಪ್ರಶ್ನೆ ಹಿಡಿದಿದ್ದು ಅವತ್ತು ರಾತ್ರಿ ಮುದ್ದೆ ಮುರೀತಾ, ನಾನೂ ಇದ್ದೆ, ಸಾರು ಆರೋಗ್ತಿದೆ ತಿನ್ನೇ ಅಂತ ದೊಡ್ಡಮ್ಮ ಎರಡು ಸಲ ಅಂದ್ರು.

ಸಾಕೋದು ಎಲ್ಲಿ? ಹುಳುಮನೇಲಿ ಒಂದು ಮೂಲೆ ಕೊಡಿ ಅಂದ್ಲು. ದೊಡ್ಡಪ್ಪ ಅಷ್ಟು ಸಿಟ್ಟಾಗಿದ್ದು ನಾನು ನೋಡಿರ್ಲಿಲ್ಲ.

"ಕಾಡುಹುಳ ತಂದು ನನ್ನ ಹುಳುಮನೇಲಿ ಇಡ್ತೀಯಾ? ಗಂಟು ರೋಗ ಬಂದ್ರೆ? ಊಜಿ ಬಂದ್ರೆ? ಇನ್ನೂರು ಮೊಟ್ಟೆ ಹೋದ್ರೆ ನಿನ್ನ ಯೂನಿವರ್ಸಿಟಿಯೋರು ಕೊಡ್ತಾರೇನಮ್ಮ?"

ಹೊರಗಿನೋರಿಗೆ ಇದು ಹಳ್ಳಿ ಅಪ್ಪನ ಹಠ ಅನ್ನಿಸ್ಬಹುದು, ಅಲ್ಲ. ಮೊಟ್ಟೆ ಅಂದ್ರೆ ಒಂದು ಹೆಣ್ಣು ಚಿಟ್ಟೆ ಇಟ್ಟ ಪೂರ್ತಿ ಗುಂಪು, ಒಂದೊಂದ್ರಲ್ಲಿ ನಾನೂರು ಐನೂರು ಹುಳ, ಇನ್ನೂರು ಮೊಟ್ಟೆ ಅಂದ್ರೆ ನೀವೇ ಲೆಕ್ಕ ಹಾಕಿ. ಗಂಟು ರೋಗದ ಬೀಜ ಕಾಡು ಚಿಟ್ಟೆ ಹುಳಗಳಲ್ಲೂ ಇರತ್ತೆ, ರೇಷ್ಮೆಗೆ ದಾಟತ್ತೆ, ತಾಯಿಯಿಂದ ಮೊಟ್ಟೆಗೆ ಹೋಗತ್ತೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮವನ್ನೇ ಮಲಗಿಸಿದ ರೋಗ ಇದು, ಲೂಯಿ ಪಾಶ್ಚರ್ ಕೂತು ದಾರಿ ಕಂಡುಹಿಡಿದ್ರು, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನ ಅರೆದು ಮೈಕ್ರೋಸ್ಕೋಪಲ್ಲಿ ನೋಡಿ, ರೋಗ ಇದ್ರೆ ಆ ಮೊಟ್ಟೆ ಸುಟ್ಟುಬಿಡೋದು. ಇವತ್ತಿಗೂ ಮೊಟ್ಟೆ ಕೇಂದ್ರಗಳಲ್ಲಿ ಅದೇ ಮಾಡೋದು. ಊಜಿ ನೊಣ 1980ರ ಸುಮಾರಿಗೆ ಬಂಗಾಳದ ಕಡೆಯಿಂದ ಬಂದು ಕರ್ನಾಟಕದ ಬೆಳೆಗಾರರ ಹೊಟ್ಟೆ ಮೇಲೆ ಹೊಡೆದಿದ್ದು ದೊಡ್ಡಪ್ಪ ಕಣ್ಣಾರೆ ಕಂಡಿದ್ದೋರು. ಅವರು ಹೇಳಿದ್ದು ನೂರಕ್ಕೆ ನೂರು ಸೈನ್ಸು.

ಮೂರು ದಿನ ಅಪ್ಪ ಮಗಳಿಗೆ ಮಾತಿಲ್ಲ. ನಾಲ್ಕನೇ ದಿನ ಅವರೇ ತೋಟದ ಆ ತುದಿಯಲ್ಲಿದ್ದ ಹಳೇ ದನದ ಕೊಟ್ಟಿಗೆ ತೋರಿಸಿದ್ರು, ಷರತ್ತು ಹಾಕಿದ್ರು. ಅಲ್ಲಿ ಹೋಗಿ ಬಂದ್ಮೇಲೆ ಸ್ನಾನ ಮಾಡದೆ ಹುಳುಮನೆ ಹೊಸ್ತಿಲು ದಾಟಂಗಿಲ್ಲ, ಚಪ್ಪಲಿ ಬೇರೆ, ಬಟ್ಟೆ ಬೇರೆ, ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್, ಕಿಟಕಿಗೆ ನೈಲಾನ್ ಬಲೆ, ಮತ್ತೆ ತಾಯಿ ಚಿಟ್ಟೆ ಅರೆದು ನೋಡಿ "ನಂಗೆ ತೋರಿಸ್ಬೇಕು". ಮೈಕ್ರೋಸ್ಕೋಪ್ ನಮ್ಮ ಕಾಲೇಜಿಂದು, ಪ್ರಿನ್ಸಿಪಾಲರಿಗೆ ಹೇಳಿ ನಾನೇ ಸ್ಕೂಟರಲ್ಲಿ ತಗೊಂಡೋಗಿದ್ದೆ, ಕಾಲೇಜು ಹೇಗಿದ್ರೂ ಮುಚ್ಚಿತ್ತು.

ಕೊಳೆತ ಬಾಳೆಹಣ್ಣು ಇಟ್ರೆ ಈ ಚಿಟ್ಟೆ ಓಡಿ ಬರತ್ತೆ, ಹೂವಿನ ಕಡೆ ಹೆಚ್ಚು ತಲೆ ಹಾಕಲ್ಲ. ಸೊಳ್ಳೆ ಪರದೆಯೊಳಗೆ ಹುಲ್ಲಿನ ಕುಂಡ ಇಟ್ಟು ಹೆಣ್ಣು ಬಿಟ್ರೆ ಗರಿ ಮೇಲೆ ಮುತ್ತಿನ ಹಾಗೆ ಮೊಟ್ಟೆ. ಹುಳ ಹಸಿರು, ತಲೆ ಮೇಲೆ ಎರಡು ಕೊಂಬು, ಎದುರಿಂದ ನೋಡಿದ್ರೆ ಥೇಟ್ ಬೆಕ್ಕಿನ ಮುಖ. ಮೊದಲ್ನೇ ಬ್ಯಾಚ್ ಚೆನ್ನಾಗಿ ಬೆಳೀತು, ಮೂರನೇ ಜ್ವರ ಎದ್ದ ಮೇಲೆ ಒಂದೊಂದೇ ಕಪ್ಪಾಗಿ ಜೋತುಬಿದ್ದು ಸೋರೋಕೆ ಶುರುವಾದ್ವು, ನಾಲ್ಕು ದಿನಕ್ಕೆ ಎಲ್ಲಾ ಖಾಲಿ. ಅಕ್ಕ ಪೇಪರ್ ಹುಡುಕ್ತಾ ಮಾಳಿಗೆ ಮೇಲೆ ಕೂತಿದ್ಲು. ದೊಡ್ಡಪ್ಪ ಕೊಟ್ಟಿಗೆ ಬಾಗಿಲಲ್ಲೇ ನಿಂತು ಮೂಸಿ ನೋಡಿ, "ಹಾಲುತೊಂಡೆ ಇದ್ದಂಗೈತೆ. ಇಷ್ಟು ಒತ್ತೊತ್ತಾಗಿ ಬಿಟ್ಟಿದೀಯ, ಹಾಸಿಗೆ ತೆಗ್ದು ಎಷ್ಟು ದಿನ ಆಯ್ತು? ಗಾಳಿ ಎಲ್ಲಿ?" ಅಂದ್ರು. ಹಾಲುತೊಂಡೆ ಅಂದ್ರೆ ರೇಷ್ಮೆ ಹುಳಕ್ಕೆ ಬರೋ ಒಂದು ರೋಗ, ಹಾಸಿಗೆ ಅಂದ್ರೆ ಹುಳದ ಕೆಳಗೆ ಬಿದ್ದ ಹಿಕ್ಕೆ, ಒಣಗಿದ ಸೊಪ್ಪು. ಅವತ್ತಿಂದ ಹುಳ ಜ್ವರಕ್ಕೆ ಕೂತಾಗ ಮುಟ್ಟದೇ ಇರೋದು, ಎದ್ದ ಮೇಲೆ ಹಾಸಿಗೆ ತೆಗೆಯೋದು, ವಯಸ್ಸಾದಂಗೆ ಜಾಗ ಜಾಸ್ತಿ ಕೊಡೋದು, ಒದ್ದೆ ಗೋಣಿಚೀಲ, ಗಾಳಿಯ ತೇವ ತಿಳಿಯೋಕೆ ಒಣ ಥರ್ಮಾಮೀಟರ್ ಒದ್ದೆ ಥರ್ಮಾಮೀಟರ್ ಎರಡೂ ನೋಡಿ ಬರ್ಕೊಳ್ಳೋದು, ಎಲ್ಲಾ ಹುಳುಮನೆ ಕ್ರಮ. ಚಿಕ್ಕವಳಿದ್ದಾಗ ಬೈಸ್ಕೊಂಡು ಮಾಡ್ತಿದ್ದ ಕೆಲಸ. ಎರಡನೇ ಬ್ಯಾಚು ಗೂಡಿಗೆ ಬಂತು, ಗೂಡು ಅಂದ್ರೆ ನೂಲಿನ ಗೂಡಲ್ಲ, ಹುಲ್ಲಿಗೆ ಜೋತುಬಿದ್ದ ಹಸಿರು ಕೋಶ.

ತಂಪಿಗೆ ಏನು ಮಾಡೋದು? ಲ್ಯಾಬಿನ ಇನ್‌ಕ್ಯುಬೇಟರ್ ಲಕ್ಷಗಟ್ಟಲೆ. ಬಾಗಿಲು ಮುಚ್ಚಿದ ಒಂದು ಬೇಕರಿಯೋರು ಮಾರ್ತಿದ್ದ ಕೂಲ್ ಡ್ರಿಂಕ್ಸ್ ಗಾಜಿನ ಫ್ರಿಜ್ ತಗೊಂಡು ಬಂದು, ಅದಕ್ಕೆ ಆನ್‌ಲೈನಲ್ಲಿ ತರಿಸಿದ ಥರ್ಮೋಸ್ಟಾಟ್ ಹಾಕಿ 18ರಿಂದ 20 ಡಿಗ್ರಿ ಮಧ್ಯ ನಿಲ್ಲಿಸಿದ್ಲು, ಇನ್ನೊಂದು ಬ್ಯಾಚ್ ಬಲ್ಬ್ ಹಾಕಿದ ಪೆಟ್ಟಿಗೇಲಿ 27ಕ್ಕೆ. ಕರೆಂಟ್ ಹೋದ್ರೆ ಫ್ರಿಜ್ ಬಾಗಿಲು ತೆಗೀಬಾರ್ದು ಅಂತ ಬೋರ್ಡು, ಒಂದ್ಸಲ ನಮ್ಮ ಪಕ್ಕದ ಮನೆ ಹುಡುಗ ಪೆಪ್ಸಿ ಇದೆ ಅಂತ ತೆಗೆದು ಹೌಹಾರಿದ್ದ. ತಂಪಿನ ಬ್ಯಾಚ್ ನಿಧಾನ, ಬೆಚ್ಚಗಿನದಕ್ಕೆ ಹೆಚ್ಚುಕಮ್ಮಿ ಎರಡರಷ್ಟು ದಿನ ತಗೊಳ್ತು. ಬಂದ ಚಿಟ್ಟೆಗಳ ರೆಕ್ಕೆಯನ್ನ ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದು, ಇಮೇಜ್‌ಜೆ ಅನ್ನೋ ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ಕಣ್ಣಿನ ಅಗಲ ಅಳೆಯೋದು. ಬೆಚ್ಚಗಿನದು ದೊಡ್ಡ ಕಣ್ಣು, ತಣ್ಣಗಿನದು ಚುಕ್ಕಿ. ಇದು ಹೊಸದೇನಲ್ಲ, ಆದ್ರೆ ಕೊಟ್ಟಿಗೇಲೂ ಬರತ್ತೆ ಅಂತ ಗೊತ್ತಾಯ್ತು.

ಇನ್ನೊಂದು ಸಂಗತಿ ಹೇಳ್ಲೇಬೇಕು. ಹುಳ ಒಟ್ಟಿಗೆ ಹಣ್ಣಾಗ್ಲಿ ಅಂತ ನಮ್ಮ ಕಡೆ ಕೊನೇ ಹಂತದಲ್ಲಿ ಸೊಪ್ಪಿಗೆ 'ಸಂಪೂರ್ಣ' ಅಂತ ಒಂದು ದ್ರಾವಣ ಸಿಂಪಡಿಸ್ತಾರೆ, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯದು. ಅದು ಗಿಡದಿಂದ ತೆಗೆದ ಎಕ್ಡಿಸೋನ್ ಜಾತಿಯ ಹಾರ್ಮೋನು, ಹುಳಕ್ಕೆ ಪೊರೆ ಬಿಡು, ಹಣ್ಣಾಗು ಅಂತ ಹೇಳೋ ಹಾರ್ಮೋನು. ಬೈಸಿಕ್ಲಸ್ ಚಿಟ್ಟೆಯ ಕಣ್ಣು ದೊಡ್ಡದಾಗ್ಬೇಕೋ ಚಿಕ್ಕದಾಗ್ಬೇಕೋ ಅಂತ ತೀರ್ಮಾನ ಆಗೋದು ಹುಳ ತಿನ್ನೋದು ಬಿಟ್ಟು ಅಲೆಯೋ ಹೊತ್ತಲ್ಲಿ, ಇದೇ ಹಾರ್ಮೋನ್ ಎಷ್ಟಿದೆ ಅನ್ನೋದ್ರ ಮೇಲೆ, ಅಂತ ಸಿಂಗಾಪುರದ ಆಂಟೋನಿಯಾ ಮೊಂಟೇರೊ ಅವರ ಗುಂಪು ತೋರಿಸಿದೆ. ಅಕ್ಕ ಇದನ್ನ ದೊಡ್ಡಪ್ಪನಿಗೆ ಹೇಳಿದ್ಲು. ಅವರು ಬೀಡಿ ಆರಿಸಿ, "ಅಂದ್ರೆ ನೀನು ಐದು ವರ್ಷ ಓದಿದ್ದು ನಾನು ಸಿಂಪಡಿಸ್ತಿದ್ದ ಬಾಟ್ಲಿ ಬಗ್ಗೇನಾ" ಅಂದ್ರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ.

ಕಮಿಟಿ ಮುಂದೆ 2021ರ ಜನವರೀಲಿ ಆನ್‌ಲೈನ್ ಮೀಟಿಂಗು. ಥೀಸಿಸ್ ಹೆಸರನ್ನ ಗೈಡ್ ಮೊದಲೇ ಜಾಣತನದಿಂದ ಅಗಲವಾಗಿ ಇಟ್ಟಿದ್ರು, ದಕ್ಷಿಣ ಭಾರತದ ಚಿಟ್ಟೆಗಳು ಋತುಮಾನಕ್ಕೆ ಹೊಂದಿಕೊಳ್ಳೋ ರೀತಿ ಅಂತ, ಆದ್ದರಿಂದ ಟಾಪಿಕ್ ಬದಲಾವಣೆ ಅನ್ನೋ ದೊಡ್ಡ ಪ್ರೊಸೀಜರ್ ಬೇಕಾಗಿರ್ಲಿಲ್ಲ. ವಲಸೆ ಒಂದು ಚಾಪ್ಟರ್‌ಗೆ ಇಳೀತು, ಸಿಕ್ಕಿದಷ್ಟೇ ಡೇಟಾ, ಕೊರತೆ ಏನಿದೆ ಅಂತ ಬರೆದೇ ಹಾಕಿದ್ದು. ಮಿಕ್ಕಿದ್ದು ಈವ್ನಿಂಗ್ ಬ್ರೌನು. ಒಬ್ಬ ಮೆಂಬರ್ ಕೇಳಿದ್ರಂತೆ, ಕೊಟ್ಟಿಗೇಲಿ ಸಾಕಿದ್ದಕ್ಕೆ ಸ್ಟ್ಯಾಂಡರ್ಡ್ ಏನು ಅಂತ. ಅಕ್ಕ ದಿನಕ್ಕೆ ನಾಲ್ಕು ಸಲ ಬರೆದಿದ್ದ ಥರ್ಮಾಮೀಟರ್ ಪುಸ್ತಕ ಕ್ಯಾಮೆರಾ ಮುಂದೆ ಹಿಡಿದ್ಲು, ಚಾಕಿ ಕಟ್ಟೋರು, ಅಂದ್ರೆ ಎಳೇ ರೇಷ್ಮೆ ಹುಳ ಸಾಕೋರು, ಇಡೋ ಪುಸ್ತಕದ ತರಾನೇ, ಬೆಳಗ್ಗೆ ಐದೂವರೆದು ಇದೆ ರಾತ್ರಿ ಹನ್ನೊಂದರದ್ದು ಇದೆ, ರಾತ್ರಿದು ಕೆಲವು ದೊಡ್ಡಪ್ಪನ ಅಕ್ಷರ.

ಲಾಕ್‌ಡೌನ್‌ನಿಂದ ಒಳ್ಳೇದೇ ಆಯ್ತು ಬಿಡು ಅಂತ ಈಗ ಹೇಳೋ ನೆಂಟರಿದ್ದಾರೆ. ನನಗೆ ಸಿಟ್ಟು ಬರತ್ತೆ. ಆ ಎರಡು ವರ್ಷ ಅವಳಿಗೆ ಒಂದು ರೂಪಾಯಿ ಫೆಲೋಶಿಪ್ ಇಲ್ಲ, ಹತ್ತನೇ ಕ್ಲಾಸ್ ಮಕ್ಕಳಿಗೆ ಟ್ಯೂಷನ್ ಹೇಳಿ ಫ್ರಿಜ್ಜಿನ ಕರೆಂಟ್ ಬಿಲ್ ಕಟ್ಟಿದ್ದಾಳೆ. ಅಪ್ಪನಿಗೆ ಕೊಟ್ಟಿಗೆ ಇತ್ತು, ತೋಟ ಇತ್ತು. ಅದಿಲ್ಲದ ಹುಡುಗಿ ಆ ಆಗಸ್ಟಲ್ಲೇ ಬಿಟ್ಟುಬಿಡ್ತಿದ್ಲು, ಬಿಟ್ಟೋರು ಎಷ್ಟು ಜನ ಅಂತ ಯಾರೂ ಎಣಿಸಲ್ಲ. ಗಂಡಿನ ಕಡೆಯೋರು ವರ್ಷ ಕಾದು ಬೇರೆ ಕಡೆ ನೋಡ್ಕೊಂಡ್ರು, ದೊಡ್ಡಮ್ಮ ಅದನ್ನ ಇನ್ನೂ ಮರೆತಿಲ್ಲ.

2021ರಲ್ಲಿ ಡಿಗ್ರಿ ಕಾಲೇಜಿಗೆ 1242 ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಕರೆದಾಗ ಅರ್ಜಿ ಹಾಕಿದ್ಲು, ಪರೀಕ್ಷೆ ಬಂದಿದ್ದು ಥೀಸಿಸ್ ಬರೆಯೋ ತಿಂಗಳಲ್ಲೇ, ಆಗ್ಲಿಲ್ಲ. ಅತಿಥಿ ಉಪನ್ಯಾಸಕಿ ಆಗು ಅಂದೋರಿದ್ರು, ಆ ಸಂಬಳ 2022ರಲ್ಲಿ ಏರಿತು ನಿಜ, ಆದ್ರೆ ವರ್ಷ ವರ್ಷ ಆರ್ಡರ್‌ಗೆ ಕಾಯೋ ಕಷ್ಟ ನನ್ನ ಸ್ನೇಹಿತರಲ್ಲೇ ನೋಡಿದೀನಿ. 2022ರ ಕೊನೇಲಿ ಥೀಸಿಸ್ ಕೊಟ್ಲು, ಮರುವರ್ಷ ವೈವಾ. ಹೊರದೇಶದ ಲ್ಯಾಬುಗಳಿಗೆ ಮೇಲ್ ಹಾಕಿದ್ಲು, ಬಹಳಷ್ಟು ಉತ್ತರವೇ ಇಲ್ಲ, ಒಂದು ಕಡೆ ಎರಡು ವರ್ಷಕ್ಕೆ ಬಾ ಅಂದ್ರು. ಅದೇ ಹೊತ್ತಿಗೆ ಬೆಂಗಳೂರಲ್ಲೊಂದು ಪ್ರಾಜೆಕ್ಟಲ್ಲಿ ರಿಸರ್ಚ್ ಅಸೋಸಿಯೇಟ್ ಕೆಲಸ ಸಿಕ್ತು, ತಿಂಗಳಿಗೆ 58 ಸಾವಿರ ಪ್ಲಸ್ ಎಚ್‌ಆರ್‌ಎ, ಅವಳು ಇದನ್ನೇ ಹಿಡಿದ್ಲು. ನನ್ನ ಪ್ರಕಾರ ಹೋಗ್ಬೇಕಿತ್ತು. ಪರ್ಮನೆಂಟ್ ಪೋಸ್ಟಿನ ಇಂಟರ್‌ವ್ಯೂಗಳಲ್ಲಿ ಹೊರಗಡೆ ಏನು ಮಾಡಿದೀರ ಅಂತ ಕೇಳೇ ಕೇಳ್ತಾರೆ, ಈಗಾಗ್ಲೇ ಒಂದ್ಸಲ ಕೇಳಿದ್ದಾರೆ. ಅವಳ ಉತ್ತರ ಏನಂದ್ರೆ ಏಪ್ರಿಲ್ ಪ್ರಶ್ನೆ ಇನ್ನೂ ಮುಗಿದಿಲ್ಲ, ತೋಟದ ಬದುವಿನ ಚಿಟ್ಟೆ ಮತ್ತೆ ಒಣ ಗುಡ್ಡದ ಚಿಟ್ಟೆ ಎರಡನ್ನೂ ಇನ್ನೊಂದೆರಡು ಬೇಸಿಗೆ ಅಳೆಯದೆ ಏನೂ ಹೇಳೋಕಾಗಲ್ಲ, ಅದನ್ನ ಯೂರೋಪಲ್ಲಿ ಕೂತು ಅಳೆಯೋಕಾಗತ್ತಾ ಅಂತ. ವಾದದಲ್ಲಿ ಅವಳೇ ಗೆಲ್ತಾಳೆ, ಆದ್ರೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಟೊಮೇಟೊ ಯಜಮಾನರನ್ನೂ ಮಗನ್ನೂ ಒಂದು ಭಾನುವಾರ ಕರ್ಕೊಂಡು ಹೋಗಿ ಭೇಟಿ ಮಾಡಿಸಿದೆ. ಅವಳು ವರ್ಷವಾರು ಎಷ್ಟು ದುಡ್ಡು ಬಂತು, ಯಾವ ವರ್ಷ ಏನೂ ಬರ್ಲಿಲ್ಲ, ಒಂದು ಹಾಳೇಲಿ ಬರೆದು ಅಪ್ಪನ ಕೈಗೆ ಕೊಟ್ಲು. ಹುಡುಗನಿಗೆ ಮನೆ ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆ ತರ ಕಾಣೋ ಹುಳ ಹುಡುಕಿ ಸಾಕು, ಮೂರು ಸಲ ಸಾಕಿ ಆಮೇಲೆ ಬಾ ಅಂದ್ಲು. ಅವನು ಹದಿನೈದು ದಿನಕ್ಕೆ ಫೋನ್ ಮಾಡಿದ್ದ, ಚಿಟ್ಟೆ ಬರೋ ಬದ್ಲು ಕೋಶದಿಂದ ಸಣ್ಣ ಸಣ್ಣ ಕಣಜ ಬಂದ್ವು ಸಾರ್ ಅಂತ ಅಳೋ ಹಾಗಿದ್ದ, ಎಷ್ಟು ಬಂದ್ವು ಅಂತ ಕೇಳಿದೆ, ಎಣಿಸಿರ್ಲಿಲ್ಲ.

ಅಕ್ಕನ ಕಾಂಟ್ರಾಕ್ಟ್ ಬರೋ ಮಾರ್ಚ್‌ಗೆ ಮುಗಿಯತ್ತೆ. ಶನಿವಾರ ಸಂಜೆ ಬಸ್ಸಿಗೆ ಬರ್ತಾಳೆ, ಸೋಮವಾರ ಬೆಳಗ್ಗೆ ಐದರ ಬಸ್ಸಿಗೆ ಹೋಗ್ತಾಳೆ. ದೊಡ್ಡಪ್ಪನಿಗೆ ಈಗ ಡ್ರಿಪ್ ಪೈಪು ಇಡೋಕೆ ಜಾಗ ಬೇಕು, ಕೊಟ್ಟಿಗೆ ಖಾಲಿ ಮಾಡ್ತೀಯೇನಮ್ಮ ಅಂತ ಹೋದ ವಾರ ಕೇಳಿದ್ರು. ದೀಪಾವಳಿ ಬ್ಯಾಚ್ ಒಂದು ಮುಗೀಲಿ ಅಪ್ಪ ಅಂದ್ಲು. ಅವರು ಪೈಪನ್ನ ಸದ್ಯಕ್ಕೆ ಜಗಲಿ ಮೇಲೆ ಸುತ್ತಿಟ್ಟಿದ್ದಾರೆ, ದೊಡ್ಡಮ್ಮ ಎಡವಿ ದಿನಾ ಇಬ್ಬರನ್ನೂ ಬೈತಿದ್ದಾರೆ.